ಲಾಟಪ್ಪನ ಉಪವಾಸ

ಅವನನ್ನು ನಾನು ಮೊದಲು ಕಂಡ ದಿನ ಅವನು ನಮ್ಮ ಮನೆಯ ಮೆಟ್ಟಿಲ ಮೇಲಿನ ಸಜ್ಜಕ್ಕೆ ಹಣೆ ಹೊಡೆಸಿಕೊಂಡ. ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಮಹಡಿಯ ಮೇಲೆ ಒಂದು ರೂಮು, ಒಂದು ಸಣ್ಣ ಅಡುಗೆಮನೆ ಇದೆ. ಅದನ್ನು ಬಾಡಿಗೆಗೆ ಕೇಳಿಕೊಂಡು ಇಬ್ಬರು ಹುಡುಗರು ಬಂದಿದ್ದರು. ಇಬ್ಬರಿಗೂ ಬಿಳಿ ಶರ್ಟು, ಕಪ್ಪು ಪ್ಯಾಂಟು, ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಒಬ್ಬ ಕಡ್ಡಿಯ ಹಾಗಿದ್ದ, ಇನ್ನೊಬ್ಬ ಬೀರುವಿನ ಹಾಗಿದ್ದ. ಕಡ್ಡಿ ಮೊದಲು ಹತ್ತಿದ, ಏನೂ ಆಗಲಿಲ್ಲ. ಬೀರು ಹತ್ತಿದ, ಢಬ್ ಎಂದು ಶಬ್ದ ಬಂತು. ಒಳಗೆ ಗೋಡೆಯ ಮೇಲಿದ್ದ ನಮ್ಮ ಯಜಮಾನರ ಫೋಟೋ ಓರೆಯಾಯಿತು.

"ಅಯ್ಯೋ ಮಗನೇ, ಪೆಟ್ಟಾಯ್ತಾ?" ಅಂದೆ.

ಅವನು ತನ್ನ ಹಣೆಯನ್ನು ಬಿಟ್ಟು ಸಜ್ಜವನ್ನು ಸವರಿ ನೋಡಿದ. ಅದಕ್ಕೆ "ಸಾರಿ" ಅಂದ.

ರೂಮು ಇವರಿಗೇ ಕೊಡುವುದು ಎಂದು ನಾನು ಆಗಲೇ ನಿಶ್ಚಯ ಮಾಡಿದೆ.

ಕಡ್ಡಿಯ ಹೆಸರು ಕೊಂಡೇಟಿ. ಆಂಧ್ರದ ರಾಜಮಂಡ್ರಿ ಕಡೆಯವನು, ತೆಲುಗು ಬೆರೆಸಿದ ಕನ್ನಡ ಬರುತ್ತಿತ್ತು. ಬೀರುವಿನ ಹೆಸರು ಲಾಟು. ಅವನದು ಟೋಂಗಾ ಎನ್ನುವ ದ್ವೀಪ. ನಾವು ರಾತ್ರಿಯ ಊಟಕ್ಕೆ ಕೂತಾಗ ಅಲ್ಲಿ ನಾಳೆಯ ಬೆಳಗಿನ ಜಾವವಾಗಿರುತ್ತದೆಯಂತೆ, ಅಷ್ಟು ದೂರ. ಇಬ್ಬರೂ ಮಾರ್ಮನ್ ಎನ್ನುವ ಕ್ರೈಸ್ತ ಸಭೆಯವರು. ಆ ಸಭೆಯ ಹುಡುಗರು ಮೀಸೆ ಬರುವ ವಯಸ್ಸಿಗೆ ಎರಡು ವರ್ಷ ಮನೆ ಬಿಟ್ಟು, ದೊಡ್ಡವರು ಹೇಳಿದ ಊರಿಗೆ ಹೋಗಿ ದೇವರ ಕೆಲಸ ಮಾಡಬೇಕು. ನನಗೆ ಆ ಊರು ಬೇಡ, ಈ ಊರು ಕೊಡಿ ಅನ್ನುವಂತಿಲ್ಲ. ಭದ್ರಾವತಿಯ ಕಾರ್ಖಾನೆಯ ಕಡೆ ಕೆಲವು ತೆಲುಗು, ತಮಿಳು ಮನೆಗಳವರು ಆ ಸಭೆಗೆ ಸೇರಿದವರೇ ಇದ್ದಾರೆ. ಭಾನುವಾರ ಒಂದು ಬಾಡಿಗೆಯ ಹಾಲಿನಲ್ಲಿ ಕೂಡುತ್ತಾರೆ. ಇವರು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಅವರ ಕಷ್ಟಸುಖ ನೋಡಬೇಕು. ನಮ್ಮ ಬೀದಿಯಲ್ಲಿ ಯಾರಿಗೂ ಅವರು ತಾವಾಗಿ ಧರ್ಮದ ಮಾತು ಎತ್ತಲಿಲ್ಲ.

ಬಿಲ್ಲೆಯ ಮೇಲೆ ಹೆಸರಿನ ಮುಂದೆ ಎಲ್ಡರ್ ಎಂದಿತ್ತು. ಹಾಗಂದರೆ ಹಿರಿಯ ಎಂದು ಎದುರುಮನೆಯ ಪರಮೇಶ್ವರಪ್ಪನವರು ಓದಿ ಹೇಳಿದರು. ಅವರು ರಿಟೈರ್ ಆದಮೇಲೆ ಬೀದಿಯನ್ನು ಕಾಯುವ ಕೆಲಸ ಹಿಡಿದಿದ್ದಾರೆ.

"ಹತ್ತೊಂಬತ್ತು ವರ್ಷಕ್ಕೆ ಹಿರಿಯನಂತೆ ನೋಡಿ ಹೂವಮ್ಮ! ನನಗೆ ಎಪ್ಪತ್ತಾಯ್ತು, ನಮ್ಮನೇಲಿ ಟಿವಿ ರಿಮೋಟೂ ಕೊಡಲ್ಲ" ಅಂದರು.

ಮೊದಲ ದಿನವೇ ಕಾಫಿ ಮಾಡಿಕೊಟ್ಟೆ. ಇಬ್ಬರೂ ಬೇಡ ಎಂದು ಕೈ ಮುಗಿದರು. ಬಾಡಿಗೆ ಜಾಸ್ತಿ ಹೇಳಿದ್ದಕ್ಕೆ ಮುನಿಸೇನೋ ಎಂದುಕೊಂಡು, "ಹೋಗ್ಲಿ ಟೀ ಮಾಡ್ಲಾ?" ಅಂದೆ. ಮತ್ತೆ ಕೈ ಮುಗಿದರು. ಅವರ ಸಭೆಯಲ್ಲಿ ಕಾಫಿಯೂ ಇಲ್ಲ, ಟೀಯೂ ಇಲ್ಲ ಎಂದು ಕೊಂಡೇಟಿ ಹೇಳಿದ. ಬೆಳಗ್ಗೆ ಎದ್ದು ಕಾಫಿ ಕುಡಿಯದೆ ದೇವರ ಹೆಸರು ಹೇಳುವುದು ಹೇಗೆ ಸಾಧ್ಯವೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕಷಾಯ ಮಾಡಿದೆ. ಅದು ನಡೆಯಿತು. ಲಾಟು ಲೋಟದ ಜೊತೆಗೆ ಚೊಂಬನ್ನೂ ವಾಪಸು ಕೊಟ್ಟ. ಚೊಂಬಿನಲ್ಲಿದ್ದದ್ದನ್ನೂ ಮುಗಿಸಿದ್ದ.

ಅವರ ನಿಯಮಗಳಲ್ಲಿ ಬೀದಿಯವರಿಗೆಲ್ಲ ಸೋಜಿಗವಾದದ್ದು ಜೋಡಿಯ ನಿಯಮ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗುವಂತಿಲ್ಲ. ಕಣ್ಣಿಗೆ ಕಾಣಬೇಕು, ಇಲ್ಲವೇ ಕೂಗಿದರೆ ಕೇಳಬೇಕು. ಕೊಂಡೇಟಿ ಕಟಿಂಗ್ ಮಾಡಿಸಿಕೊಂಡರೆ ಲಾಟು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಒಂದು ಸಲ ಕೊಂಡೇಟಿಗೆ ಹೊಟ್ಟೆ ಕೆಟ್ಟಿತು. ಅವನು ಬಾತ್‌ರೂಮಿನ ಒಳಗೆ, ಲಾಟು ಬಾಗಿಲ ಹೊರಗೆ ಅವನ ಧೈರ್ಯಕ್ಕೆ ದೇವರ ಹಾಡು ಹೇಳುತ್ತಾ ನಿಂತಿದ್ದ. ಅವನ ದನಿ ದೊಡ್ಡದು. ಕೊಂಡೇಟಿಯ ಹೊಟ್ಟೆ ಕೆಟ್ಟಿರುವುದು ಇಡೀ ಬೀದಿಗೆ ಗೊತ್ತಾಯಿತು.

"ಆ ದೊಡ್ಡೋನು ಏನೋ ತಪ್ಪು ಮಾಡಿದಾನೆ, ಸಣ್ಣೋನು ಕಾವಲಿಗೆ ಇರೋದು" ಎಂದು ಪರಮೇಶ್ವರಪ್ಪನವರು ಹೇಳಿದರು. ಪಕ್ಕದ ಮನೆಯ ನಸೀಮಾಳ ಗಂಡ ಆಟೋ ಓಡಿಸುವ ಮೆಹಬೂಬ್ ಸಾಬ್ ಒಪ್ಪಲಿಲ್ಲ. "ಉಲ್ಟಾ ಸಾರ್. ಸಣ್ಣೋನು ಎಲ್ಲೋ ದೊಡ್ಡ ಸಾಹೇಬ್ರ ಮಗ. ದೊಡ್ಡೋನು ಬಾಡಿಗಾರ್ಡು."

ಸೋಮವಾರ ಅವರಿಗೆ ಬಟ್ಟೆ ಒಗೆಯುವ ದಿನ. ಲಾಟುವಿನ ಬಿಳಿ ಶರ್ಟುಗಳನ್ನು ತಾರಸಿಯ ಹಗ್ಗಕ್ಕೆ ಹರವಿದಾಗ ಪರಮೇಶ್ವರಪ್ಪನವರು ಕೆಳಗಿನಿಂದ, "ಹೂವಮ್ಮ, ಯಾರ ಮದುವೆ? ಶಾಮಿಯಾನ ಹಾಕಿಸ್ತಿದೀರಲ್ಲ" ಎಂದು ಕೇಳಿದರು.

ನನಗೂ ಲಾಟುವಿಗೂ ಸಲಿಗೆ ಬೆಳೆದದ್ದು ಕೆಸುವಿನ ಎಲೆಯಿಂದ. ನಮ್ಮ ಬಚ್ಚಲ ನೀರು ಹೋಗುವ ಕಡೆ ಕೆಸು ಬೆಳೆದಿದೆ. ಅದನ್ನು ಕಂಡವನೇ ಅವನು ಟೈ ಸಮೇತ ಮಣ್ಣಿನಲ್ಲಿ ಮಂಡಿಯೂರಿ ಕೂತುಬಿಟ್ಟ. ಅದು ಅವರ ದ್ವೀಪದ ಎಲೆಯಂತೆ. ಅವನ ಅಜ್ಜಿ ಆ ಎಲೆಯಲ್ಲಿ ತೆಂಗಿನ ಹಾಲು ಹಾಕಿ ಮಡಿಸಿ, ಕಾದ ಕಲ್ಲಿನ ಕುಳಿಯಲ್ಲಿಟ್ಟು ಬೇಯಿಸುತ್ತಾಳಂತೆ. ನಾನು ಪತ್ರೊಡೆ ಮಾಡಿಕೊಟ್ಟೆ. ತಿನ್ನುತ್ತಾ ಅವನ ಕಣ್ಣು ತುಂಬಿತು. ಹುಳಿ ಸಾಕಷ್ಟು ಹಾಕಿದ್ದೆ, ಗಂಟಲು ಕೆರೆತದ ಕಣ್ಣೀರಲ್ಲ ಅದು. ಅವನನ್ನು ಸಾಕಿದ್ದೇ ಆ ಅಜ್ಜಿ. ಅವರ ಭಾಷೆಯಲ್ಲಿ ಅಜ್ಜಿಗೆ ಕುಯಿ ಅನ್ನುತ್ತಾರೆ. ಅಂದಿನಿಂದ ನಾನು ಅವನಿಗೆ ಅಜ್ಜಿಯಾದೆ, ಅವನು ನನಗೆ ಲಾಟಪ್ಪನಾದ.

ಅವನು ಕನ್ನಡ ಕಲಿತದ್ದು ನನ್ನ ಹತ್ತಿರವೇ. ಕಲಿಸಲು ನಾನೇನೂ ಕೂರಲಿಲ್ಲ. ನಾನು ಅಕ್ಕಿ ಆರಿಸುವಾಗ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ, ಅಷ್ಟೇ. ಅದರಿಂದ ಅವನ ಕನ್ನಡಕ್ಕೆ ನನ್ನ ವಯಸ್ಸು ಬಂತು. ಕೂರುವಾಗ "ಅಯ್ಯೋ ಶಿವನೇ, ಹಾಳಾದ ಮಂಡಿ" ಅನ್ನುತ್ತಿದ್ದ. ನವುಲೆಯ ಕಾಲೇಜು ಹುಡುಗರು ಬೈಕಿನಲ್ಲಿ ಜೋರಾಗಿ ಹೋದರೆ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದು ತಲೆಯಾಡಿಸುತ್ತಿದ್ದ. ಕೊಂಡೇಟಿ ನನ್ನ ಹತ್ತಿರ ಬಂದು, "ಅಮ್ಮಾ, ಆ ಶಿವನೇ ಅನ್ನೋದು ಒಂದು ಬಿಡಿಸಿ ಅಮ್ಮಾ. ನಿನ್ನೆ ಸಭೆಯಲ್ಲಿ ಪ್ರಾರ್ಥನೆಗೆ ಮಂಡಿ ಊರುವಾಗಲೂ ಅಂದುಬಿಟ್ಟ" ಎಂದು ಬೇಡಿಕೊಂಡ.

ಒಂದು ದಿನ ಲಾಟು ಮೆಟ್ಟಿಲ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಕೇಳಿದೆ.

"ಕುಯಿ ಕಣ್ಣಿಗೆ ಪೊರೆ ಬಂದಿದೆ ಅಜ್ಜಿ. ಒಂದು ಕಣ್ಣು ಮೊದಲೇ ಹೋಗಿತ್ತು. ಇರೋದು ಇದೊಂದೇ. ಡಾಕ್ಟರು ಹೊರಗಿನ ದೇಶದಿಂದ ವರ್ಷಕ್ಕೆ ಒಂದು ಸಲ ಬರ್ತಾರೆ. ಈ ತಿಂಗಳು ಬರ್ತಾರೆ. ಆಪರೇಷನ್ನು ಸರಿಯಾದ್ರೆ ಕಾಣುತ್ತೆ. ಇಲ್ಲಾಂದ್ರೆ..." ಅಂದ. ಆಮೇಲೆ, "ನಾನು ವಾಪಸು ಹೋದಾಗ ಅವಳು ನನ್ನ ನೋಡಬೇಕು ಅಜ್ಜಿ" ಅಂದ.

ಅದಕ್ಕಾಗಿ ಅವನ ಮನೆಯವರೆಲ್ಲ ಉಪವಾಸ ಹಿಡಿಯುತ್ತಿದ್ದರು. ಅವರ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಹೇಗೂ ಉಪವಾಸ, ಸದ್ದಿಲ್ಲದೆ ಮಾಡುತ್ತಿದ್ದರಿಂದ ಅಲ್ಲಿಯವರೆಗೆ ನನಗೆ ಗೊತ್ತೇ ಆಗಿರಲಿಲ್ಲ. ಈ ಸಲದ್ದು ಕುಯಿಯ ಕಣ್ಣಿಗೆ. ಇಲ್ಲಿಂದ ಇವನೂ ಹಿಡಿಯಬೇಕು.

ಆ ಭಾನುವಾರ ಬೆಳಗ್ಗೆ ನಾನು ಬೇಗ ಎದ್ದೆ. ಸೋಮವಾರದ ಉಪವಾಸವನ್ನು ನಾನು ಮದುವೆಯಾದಾಗಿನಿಂದ ಮಾಡಿಕೊಂಡು ಬಂದವಳು. ಉಪವಾಸ ಅಂದರೆ ಅನ್ನ ಮುಟ್ಟಬಾರದು, ಅಷ್ಟು ನನಗೆ ಗೊತ್ತಿಲ್ಲವೆ? ರವೆಯನ್ನು ತುಪ್ಪದಲ್ಲಿ ಹದವಾಗಿ ಹುರಿದು, ಈರುಳ್ಳಿ ಹಾಕದೆ ಉಪ್ಪಿಟ್ಟು ಮಾಡಿದೆ. ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿದೆ. ಬಾಳೆಹಣ್ಣು, ಹಾಲು ಇಟ್ಟೆ. ಎರಡು ತಟ್ಟೆಯಲ್ಲಿ ಮೇಲೆ ತೆಗೆದುಕೊಂಡು ಹೋದೆ. ಕೊಂಡೇಟಿ ಸ್ನಾನಕ್ಕೆ ಹೋಗಿದ್ದ.

"ಅಜ್ಜಿ, ಇವತ್ತು ಉಪವಾಸ" ಅಂದ ಲಾಟು.

"ಗೊತ್ತೋ ಮಾರಾಯ. ಅದಕ್ಕೇ ತಂದಿರೋದು. ತಿನ್ನು, ಬಸ್ಸಿಗೆ ಹೊತ್ತಾಗುತ್ತೆ."

ಅವನು ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. ಅವರ ದ್ವೀಪದಲ್ಲಿ ಅಜ್ಜಿಯಾದವಳು ಕೊಟ್ಟ ತಟ್ಟೆಯನ್ನು ಹಿಂದಕ್ಕೆ ಕೊಟ್ಟವರು ಯಾರೂ ಇಲ್ಲವಂತೆ. ಅಜ್ಜಿಯ ಉಪವಾಸ ಹೀಗಿದ್ದರೆ ಇದೂ ಲೆಕ್ಕಕ್ಕೆ ಬರಬಹುದು ಎಂದುಕೊಂಡು ತಿಂದ. ಕೊಂಡೇಟಿ ಬರುವುದು ತಡವಾಗಿ ಉಪ್ಪಿಟ್ಟು ಆರುತ್ತಿತ್ತು. ನನಗೆ ಬೇಜಾರಾಗಬಾರದು ಎಂದು ಅದನ್ನೂ ತಿಂದ.

ಕೊಂಡೇಟಿ ತಲೆ ಒರೆಸಿಕೊಂಡು ಬಂದು ಎರಡು ಖಾಲಿ ತಟ್ಟೆ ನೋಡಿದ. ಆಗ ನನಗೆ ತಿಳಿಯಿತು, ಅವರ ಉಪವಾಸ ಎಂದರೆ ಉಪ್ಪಿಟ್ಟೂ ಇಲ್ಲ, ಹಾಲೂ ಇಲ್ಲ. ಹಿಂದಿನ ಸಂಜೆಯಿಂದ ಈ ಸಂಜೆಯವರೆಗೆ ಒಂದು ಹನಿ ನೀರೂ ಇಲ್ಲ. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಲಾಟು ಮಂಚದ ಮೇಲೆ ಕುಸಿದ. ಮಂಚ ಕಿರ್ ಅಂದಿತು.

"ಎಲ್ಲರೂ ಸೇರಿ ಎತ್ತೋ ದೋಣಿ ಅಜ್ಜಿ ಅದು. ನಾನು ಕೈ ಬಿಟ್ಟು ಉಪ್ಪಿಟ್ಟು ತಿಂದೆ. ಕುಯಿಗೆ ಕಣ್ಣು ಬರದಿದ್ರೆ?"

"ಮುಂದಿನ ಭಾನುವಾರ ಮತ್ತೆ ಹಿಡಿ. ಆಪರೇಷನ್ನು ಇನ್ನೂ ಆಗಿಲ್ಲವಲ್ಲ" ಅಂದೆ.

ವಿಷಯ ನಸೀಮಾಗೆ ಹೇಳಿದೆ. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಅವಳು ಎದೆ ತಟ್ಟಿಕೊಂಡು, "ಇದು ನಮ್ಮ ರೋಜಾನೇ ಹೂವಮ್ಮನೋರೆ! ನೀರೂ ಇಲ್ಲ ಅಂದ್ಮೇಲೆ ರೋಜಾನೇ. ನೀವು ಬಿಡಿ, ನಿಮಗಿದು ತಿಳಿಯಲ್ಲ. ನಾನು ನೋಡ್ಕೊಳ್ತೀನಿ" ಅಂದಳು. ಅವಳ ಮನೆಯಲ್ಲಿ ಉಪವಾಸದ ಅನುಭವ ಬಹಳ. ನನಗೂ ಧೈರ್ಯ ಬಂತು.

ಅವಳು ನೋಡಿಕೊಂಡಳು. ಮುಂದಿನ ಭಾನುವಾರ ಇನ್ನೂ ಬೆಳಕು ಹರಿದಿರಲಿಲ್ಲ, ಡಬ್ಬಿಯಲ್ಲಿ ಬಿಸಿ ಖಿಚಡಿ, ಖೀಮಾ ತುಂಬಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಮೆಹಬೂಬ್ ಸಾಬ್ ಟಾರ್ಚು ಹಿಡಿದಿದ್ದರು. ರೋಜಾ ಹಿಡಿಯುವವರು ಬೆಳಕಾಗುವ ಮುಂಚೆ ಹೊಟ್ಟೆ ತುಂಬಾ ತಿನ್ನಬೇಕು. ಅದು ಅವರ ಕ್ರಮ. ಅದಿಲ್ಲದೆ ಇಡೀ ದಿನ ಇರುವುದು ಮೈಗೆ ಕೇಡು ಎಂದು ಅವಳಿಗೆ ಸಂಕಟ.

"ಖಾಲೇ ಬೇಟಾ, ಬೇಗ ಬೇಗ. ಅಜಾನ್ ಆಗೋ ಮುಂಚೆ ಮುಗಿಸ್ಬೇಕು!"

ಲಾಟು ನಿದ್ದೆಗಣ್ಣಿನಲ್ಲಿ ಎದ್ದು ಕೂತಿದ್ದ. ಎದುರಿಗೆ ಒಬ್ಬ ತಾಯಿ ನಿಂತು ಅವಸರ ಮಾಡುತ್ತಿದ್ದಾಳೆ. ಅವನು ಅವಸರವಾಗಿ ತಿಂದ. ಖೀಮಾದ ವಾಸನೆಗೆ ಕೊಂಡೇಟಿ ಎಚ್ಚರವಾಗುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿತ್ತು. ಹಿಂದಿನ ಸಂಜೆಯಿಂದ ಹಿಡಿದಿದ್ದ ಉಪವಾಸ ಅಲ್ಲಿಗೆ ಮುಗಿಯಿತು.

ಕೊಂಡೇಟಿಗೆ ಸಿಟ್ಟು ಬಂತು. ಮಾತು ಬಿಟ್ಟ. ಆದರೆ ನಿಯಮ ಇದೆಯಲ್ಲ, ಬಿಟ್ಟು ಹೋಗುವಂತಿಲ್ಲ. ಮಾತಿಲ್ಲದೆ ಒಟ್ಟಿಗೆ ಬಸ್ಸು ಹತ್ತುವುದು, ಮಾತಿಲ್ಲದೆ ಒಟ್ಟಿಗೆ ತರಕಾರಿ ತರುವುದು. ಮುಖ ಆ ಕಡೆ ಒಂದು, ಈ ಕಡೆ ಒಂದು. ಹೇಳಬೇಕಾದದ್ದು ಇದ್ದರೆ ಮೆಟ್ಟಿಲ ಮೇಲೆ ನಿಂತು ನನಗೆ ಹೇಳುತ್ತಿದ್ದರು.

"ಅಮ್ಮಾ, ಸೋಪು ಮುಗಿದಿದೆ ಅಂತ ಅವನಿಗೆ ಹೇಳಿ."

"ಅವನು ನಿನ್ನ ಪಕ್ಕದಲ್ಲೇ ನಿಂತಿದಾನಲ್ಲೋ!"

"ಅಜ್ಜಿ, ಕೇಳಿಸ್ತು ಅಂತ ಅವನಿಗೆ ಹೇಳಿ."

ಆಪರೇಷನ್ನಿಗೆ ಮೊದಲು ಇನ್ನು ಒಂದೇ ಭಾನುವಾರ ಉಳಿಯಿತು. ಮರುದಿನ ಸೋಮವಾರವೇ ಕುಯಿಯನ್ನು ಮಲಗಿಸುವುದು. ಕೊಂಡೇಟಿ ನನ್ನ ಮೂಲಕ ಹೇಳಿಕಳಿಸಿದ, ಈ ಸಲ ಯಾರಿಗೂ ಹೇಳುವಂತಿಲ್ಲ, ಉಪವಾಸ ಎಂದು ಸಾರಿಕೊಂಡು ತಿರುಗಬಾರದು ಎಂದು ಅವರ ಗ್ರಂಥದಲ್ಲೇ ಇದೆ ಎಂದು. ಸರಿ ಎಂದೆ. ಲಾಟುವಿನ ಜೊತೆಗೆ ನಾನೂ ಹಿಡಿಯುವುದು ಎಂದು ಸಂಕಲ್ಪ ಮಾಡಿದೆ. ಮೊದಲ ಸಲ ಕೆಡಿಸಿದ್ದು ನನ್ನ ಉಪ್ಪಿಟ್ಟು. ಈ ಸಲ ದಿನವಿಡೀ ಅವನ ಪಕ್ಕದಲ್ಲಿದ್ದು ಕಾಯುತ್ತೇನೆ, ಭದ್ರಾವತಿಗೂ ಬರುತ್ತೇನೆ ಅಂದೆ.

ಬೆಳಗ್ಗೆ ಕಾಫಿಯಿಲ್ಲದೆ ತಲೆಯೊಳಗೆ ಒನಕೆ ಕುಟ್ಟಲು ಶುರುವಾಯಿತು. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಲಾಟುವಿನ ಕೈಗೆ ಬೇಯಿಸಿದ ಕಡಲೆಕಾಯಿ ಹಾಕಿದಳು. ನಾನು ಅದನ್ನು ಕಸಿದು ಸೆರಗಿಗೆ ಕಟ್ಟಿಕೊಂಡೆ. ಆಸೆಬುರುಕ ಮುದುಕಿ ಎಂದು ಅವಳು ಅಂದುಕೊಂಡಿರಬೇಕು. ಅನ್ನಲಿ.

ಪ್ರಾರ್ಥನೆ ಮುಗಿಯಿತು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಸಭೆಯ ಪುಷ್ಪಾ ಎನ್ನುವ ಹೆಂಗಸು ಬಂದು ದಾರಿಗೆ ಅಡ್ಡ ನಿಂತಳು. ಅವಳ ಗಂಡ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಮೊಮ್ಮಗಳು ಸಿರಿಯ ಬರ್ತ್‌ಡೇ ಅಂದು.

"ಎಲ್ಡರ್, ಊಟ ಮಾಡದೆ ಕಳಿಸೋದೇ ಇಲ್ಲ. ಅಮ್ಮಾ, ನೀವೂ ಬನ್ನಿ. ಮಾಂಸ ತಿನ್ನದೋರಿಗೆ ಬೇರೆ ಪಾತ್ರೆಯಲ್ಲಿ ಚಿತ್ರಾನ್ನ ಮಾಡಿದೀನಿ."

ಮೊದಲ ಭಾನುವಾರವಾಗಿದ್ದರೆ ಅವಳಿಗೂ ಉಪವಾಸ. ಇದು ಮೂರನೆಯದು, ಅವಳಿಗೆ ನೆನಪು ಬರುವ ಕಾರಣವೇ ಇಲ್ಲ. ನಮಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅವರ ಮನೆಯ ಚಾಪೆಯ ಮೇಲೆ ಮೂವರನ್ನೂ ಸಾಲಾಗಿ ಕೂರಿಸಿದಳು. ಲಾಟು ನಡುವೆ. ಕೊಂಡೇಟಿಗೆ ಬಿರಿಯಾನಿ, ಲಾಟುವಿಗೆ ಗುಡ್ಡದ ಹಾಗೆ ಬಿರಿಯಾನಿ, ನನಗೆ ಚಿತ್ರಾನ್ನ. ಲಾಟುವಿನ ಬಲಗೈ ತಾನಾಗಿಯೇ ತಟ್ಟೆಯ ಕಡೆ ಹೊರಟಿತು. ನಾನು ಕೆಮ್ಮಿದೆ. ಕೈ ನಿಂತಿತು. ಪುಷ್ಪಾ "ತಿನ್ನಿ ಎಲ್ಡರ್, ಯಾಕೆ ಸಂಕೋಚ?" ಅಂದಳು. ಕೈ ಮತ್ತೆ ಹೊರಟಿತು. ಮತ್ತೆ ಕೆಮ್ಮಿದೆ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಅವನು ಮೆಲ್ಲಗೆ, ಅಳು ದನಿಯಲ್ಲಿ "ಅಯ್ಯೋ ಶಿವನೇ" ಅಂದ.

ಪುಷ್ಪಾ ಮೊಸರುಬಜ್ಜಿ ತರಲು ಒಳಗೆ ಹೋದಳು. ಆಗ ಕೊಂಡೇಟಿ ಬಾಯಿಬಿಟ್ಟ.

"ಲಾಟು, ತಟ್ಟೆ ಈ ಕಡೆ ತಳ್ಳು."

ಅವನ ಜೊತೆ ಕೊಂಡೇಟಿ ಅಷ್ಟು ದಿನದ ಮೇಲೆ ಆಡಿದ ಮೊದಲ ಮಾತು ಅದು. ಲಾಟು ತಳ್ಳಿದ. ಅಂದು ಉಪವಾಸವಿಲ್ಲದಿದ್ದ ಕೊಂಡೇಟಿ ತನ್ನದನ್ನು ಬಿಟ್ಟು ಗುಡ್ಡವನ್ನು ಕರಗಿಸಲು ಕೂತ. ಅಂಥ ಕಡ್ಡಿಯ ಒಳಗೆ ಅಷ್ಟು ಜಾಗ ಎಲ್ಲಿತ್ತೋ ಕಾಣೆ. ಪುಷ್ಪಾಳ ಕಾಲುಗೆಜ್ಜೆ ಕೇಳುವ ಹೊತ್ತಿಗೆ ಖಾಲಿ ತಟ್ಟೆ ಲಾಟುವಿನ ಮುಂದಿತ್ತು.

"ಅಯ್ಯೋ ಪಾಪ, ಎಷ್ಟು ಹಸಿದಿದ್ದ ನೋಡಿ!" ಎಂದು ಅವಳು ಮತ್ತೆ ಬಡಿಸಿದಳು. "ಕೊಂಡೇಟಿಗಾರು, ನೀವು ಮುಟ್ಟೇ ಇಲ್ಲವಲ್ಲ!"

ಅವಳು ಮೊಟ್ಟೆ ತರಲು ಹೋದಳು. ತಟ್ಟೆ ಮತ್ತೆ ಆ ಕಡೆ ಹೋಯಿತು. ಸಂದು ನೋಡಿ ನಾನೂ ನನ್ನ ಚಿತ್ರಾನ್ನವನ್ನು ಸಾಲಿನಲ್ಲಿ ದಾಟಿಸಿದೆ. ಕೊಂಡೇಟಿ ನನ್ನನ್ನು ಒಂದು ನೋಟ ನೋಡಿದ. ಆ ನೋಟ ನಾನು ಮರೆಯುವ ಹಾಗಿಲ್ಲ. ಆದರೂ ತಿಂದ. ಚಿತ್ರಾನ್ನ ಆದಮೇಲೆ ಪಾಯಸ, ಪಾಯಸ ಆದಮೇಲೆ ಕೇಕು. ಬಾಗಿಲಲ್ಲಿ ನಿಂತಿದ್ದ ಸಿರಿ ಇದೆಲ್ಲವನ್ನೂ ನೋಡುತ್ತಿದ್ದಳು.

"ಅಜ್ಜೀ! ಸಣ್ಣ ಅಂಕಲ್ಲು ಎಲ್ಲರದ್ದೂ ತಿಂತಿದಾರೆ!"

"ಛೇ, ಊಟಕ್ಕೆ ಕೂತೋರಿಗೆ ಹಾಗನ್ನಬಾರದು" ಎಂದು ಗದರಿಸಿ ಪುಷ್ಪಾ ಕೊಂಡೇಟಿಗೆ ಇನ್ನೊಂದು ಸೌಟು ಹಾಕಿದಳು.

ವಾಪಸು ಬರುವಾಗ ಕೊಂಡೇಟಿ ಬಸ್ಸಿನಲ್ಲಿ ಕೂರಲಾರದೆ ಕಂಬಿ ಹಿಡಿದು ನಿಂತಿದ್ದ. ಅವನು ಟೈ ಸಡಿಲ ಮಾಡಿದ್ದನ್ನು ನಾನು ಕಂಡದ್ದು ಅಂದೇ. ಶಿವಮೊಗ್ಗದಲ್ಲಿ ಇಳಿಯುವಾಗ ಲಾಟು ಅವನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಇಳಿಸಿದ.

"ನೀನು ಯಾಕೆ ಇಷ್ಟು ಮಾಡಿದೆ?" ಎಂದು ಲಾಟು ಕೇಳಿದ.

"ನನಗೂ ಅಜ್ಜಿ ಇದಾಳೆ" ಅಂದ ಕೊಂಡೇಟಿ. ಆಮೇಲೆ, "ಮಾತಾಡಿಸಬೇಡ. ಮಾತಾಡಿದ್ರೆ ಮೇಲೆ ಬರುತ್ತೆ" ಅಂದ.

ಹೊತ್ತು ಮುಳುಗಿತು. ಇಬ್ಬರೂ ಪ್ರಾರ್ಥನೆ ಮಾಡಿದರು, ನಾನು ನನ್ನ ದೇವರಿಗೆ ದೀಪ ಹಚ್ಚಿದೆ. ಲಾಟು ಮೊದಲ ಲೋಟ ನೀರನ್ನು ತಾನು ಕುಡಿಯದೆ ನನ್ನ ಕೈಗೆ ಕೊಟ್ಟ. ಆಮೇಲೆ ಅವನಿಗೆ ಉಪ್ಪಿಟ್ಟು ಬಡಿಸಿ ನಾನು ಕಾಫಿ ಕಾಸಿಕೊಂಡೆ. ಕೊಂಡೇಟಿ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿ, "ಅಮ್ಮಾ, ಒಗ್ಗರಣೆ ವಾಸನೆ ಬರದ ಹಾಗೆ ಬಾಗಿಲು ಹಾಕಿ" ಅನ್ನುತ್ತಿದ್ದ.

ಆಪರೇಷನ್ನು ಆಗಿ ಒಂದು ವಾರಕ್ಕೆ, ಸೋಮವಾರ, ಅವರು ವಾರಕ್ಕೊಮ್ಮೆ ಮನೆಗೆ ಫೋನ್ ಮಾಡುವ ಹೊತ್ತಿನಲ್ಲಿ, ಲಾಟು ಫೋನು ಹಿಡಿದುಕೊಂಡು ಮೆಟ್ಟಿಲು ಇಳಿದು ಓಡಿ ಬಂದ. ಸಜ್ಜಕ್ಕೆ ಹಣೆ ಹೊಡೆಯಿತು. ನಾನು ಅಲ್ಲಿ ಹಳೆಯ ದಿಂಬು ಕಟ್ಟಿದ್ದೆ, ಯಜಮಾನರ ಫೋಟೋಕ್ಕೆ ಏನೂ ಆಗಲಿಲ್ಲ. ಫೋನಿನಲ್ಲಿ ಅವನಷ್ಟೇ ಅಗಲದ ಮುಖದ ಒಬ್ಬ ಮುದುಕಿ. ಕಟ್ಟು ಬಿಚ್ಚಿದ್ದರು. ಕಣ್ಣು ಪಿಳಿಪಿಳಿ ಮಾಡುತ್ತಾ ಮೊಮ್ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಏನೋ ಹೇಳಿದಳು. ಲಾಟು ನಾಚಿಕೊಂಡ.

"ಏನಂತೋ?"

"ನಾನು ಇನ್ನೂ ದಪ್ಪ ಆಗಿರೋದು ಕಾಣ್ತಿದೆಯಂತೆ. ಇವನು ಯಾವ ಸೀಮೆ ಉಪವಾಸ ಮಾಡಿದ ಅಂತ ಕೇಳ್ತಿದಾಳೆ."

ಅವನು ನಡೆದದ್ದೆಲ್ಲ ಅವಳಿಗೆ ಹೇಳಿದ. ಉಪ್ಪಿಟ್ಟು ಎನ್ನುವ ಮಾತು ನನಗೂ ಕೇಳಿಸಿತು. ಆ ಮುದುಕಿ ನಗುತ್ತಾ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡಳು. ನಾನು ಕೈ ಮುಗಿದೆ. ಅವಳೂ ನೋಡಿಕೊಂಡು ಹಾಗೇ ಕೈ ಮುಗಿದಳು.

ಎರಡು ವರ್ಷದ ಲೆಕ್ಕ ಮುಗಿದು ಲಾಟು ತನ್ನ ದ್ವೀಪಕ್ಕೆ ಹೋದ. ಕೊಂಡೇಟಿಯನ್ನು ಬೇರೆ ಊರಿಗೆ ಹಾಕಿದರು. ಮಹಡಿಗೆ ಈಗ ಶಂಕರಘಟ್ಟದ ಯೂನಿವರ್ಸಿಟಿಗೆ ಓದಲು ಹೋಗುವ ಇಬ್ಬರು ಹುಡುಗಿಯರು ಬಂದಿದ್ದಾರೆ. ಇಬ್ಬರೂ ಗಿಡ್ಡ. ಸಜ್ಜದ ದಿಂಬು ಯಾಕೆ ಎಂದು ಕೇಳುತ್ತಾರೆ. ಇರಲಿ ಬಿಡಿ ಅನ್ನುತ್ತೇನೆ.

ಮೊನ್ನೆ ಲಾಟುವಿನ ಫೋನು ಬಂತು. ಕೂರುವಾಗ ಅವನು "ಹಾಳಾದ ಮಂಡಿ" ಅಂದದ್ದು ಅಷ್ಟು ದೂರದಿಂದಲೂ ಕೇಳಿಸಿತು. ಕುಯಿ ಚೆನ್ನಾಗಿದ್ದಾಳಂತೆ. ಸೂಜಿಗೆ ದಾರ ತಾನೇ ಪೋಣಿಸುತ್ತಾಳಂತೆ. ರವೆ ಅಲ್ಲಿಯೂ ಒಂದು ಅಂಗಡಿಯಲ್ಲಿ ಸಿಕ್ಕಿತಂತೆ. ಆಮೇಲೆ ಅವನು ದನಿ ತಗ್ಗಿಸಿದ. ಅಕ್ಕಪಕ್ಕದಲ್ಲಿ ಸಭೆಯವರು ಯಾರೋ ಇದ್ದಿರಬೇಕು.

"ಅಜ್ಜಿ, ಕುಯಿ ನಿಮ್ಮನ್ನೇ ಕೇಳು ಅಂತಿದಾಳೆ. ನಿಮ್ಮ ಉಪವಾಸ ಇದೆಯಲ್ಲ, ಉಪ್ಪಿಟ್ಟು ತಿಂದ್ಕೊಂಡು ಮಾಡೋದು, ಅದನ್ನ ವಾರಕ್ಕೆ ಎಷ್ಟು ಸಲ ಮಾಡಬಹುದು?"